ಎರಡನೆಯ ಗೂಟ

ಉತ್ಖನನದ ಸಾಹೇಬರ ಬೂಟು ಮತ್ತೆ ನನ್ನ ಬೆನ್ನ ಹಿಂದೆ ಬಂದು ನಿಂತಿತು, ನಿನ್ನೆಯಿಂದ ಹೀಗೇ ಕಾವಲು, ನಾನೇನೋ ಕಲ್ಲನ್ನು ಜೇಬಿಗಿಳಿಸಿ ಓಡುವವನ ಹಾಗೆ — ಸೊಂಟದೆತ್ತರದ ಹತ್ತೊಂಬತ್ತು ಕಲ್ಲು, ದುಂಡಗೆ ನೆಟ್ಟು ಮೂರು ಸಾವಿರ ವರ್ಷವಾಯಿತಂತೆ, ಹದಿನಾರು ಅವರ ನಕ್ಷೆಯ ದುಂಡು ಗೆರೆಯ ಮೇಲಿವೆ, ಮೂರು ಮಾತ್ರ ಒಂದು ಗೇಣು ಆಚೆ, ನಕ್ಷೆ ತಪ್ಪುವುದುಂಟೇ, ಓದಿದವರು ಬರೆದದ್ದು, ಹಾಗಾಗಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಮಣ್ಣು ಬಿಡಿಸುವಾಗ ಹಾರೆ ಹಾಕಿ ಸರಿಸಿರಬೇಕು. ಹೂಂ ಅಂದ್ಬಿಡೋ, ಕೈ ತಪ್ತು ಅನ್ನು, ನಿನ್ನ ಗಂಟೇನು ಹೋಗುತ್ತೆ, ಅಂದ ಚಿಕ್ಕಪ್ಪ, ಇಲ್ಲಿಯ ಮೇಸ್ತ್ರಿ, ನನ್ನನ್ನು ಕೆಲಸಕ್ಕೆ ಸೇರಿಸಿದವನು, ಹೇಳುವಾಗ ಮುಖ ನೋಡಲಿಲ್ಲ, ಚಾಡಿ ಹೇಳಿದ್ದು ಅವನೇ, ಇಲ್ಲದಿದ್ದರೆ ಅಷ್ಟು ಆಳುಗಳಲ್ಲಿ ಸಾಹೇಬರಿಗೆ ನಾನೇ ಏಕೆ ಹೊಳೆದೆ — ಮೂರಕ್ಕೂ ಹಗ್ಗ ಬಿಗಿದಾಗಿದೆ, ಊಟವಾದ ಮೇಲೆ ಒಳಕ್ಕೆ ಎಳೆಯಬೇಕು, ಅದೂ ನಾನೇ, ಕೆಡಿಸಿದವನೇ ಸರಿ ಮಾಡಲಿ ಎಂದು, ಎಳೆದೆನೋ ತಪ್ಪು ಒಪ್ಪಿದ ಹಾಗೆ, ಇನ್ನು ಯಾವ ಮೇಸ್ತ್ರಿ ನನ್ನನ್ನು ಕರೆದಾನು.

ಬೂಟು ಡೇರೆಯತ್ತ ಹೋಯಿತು, ಊಟಕ್ಕೆ, ನನಗೆ ಊಟ ಸೇರುವುದಿಲ್ಲ, ಒಳನೆಲ ಹೆರೆಯುತ್ತೇನೆ, ದುಂಡು ಬಾವಿಗೆ ಗುರುತು ಹಾಕಲು ನಡುವೆ ಒಂದು ಗೂಟ, ಅದಕ್ಕೊಂದು ದಾರ ಸಾಕು, ಮೊಟ್ಟೆಯಾಕಾರದ ತೊಟ್ಟಿಗೆ ಎರಡು ಗೂಟ ಬೇಕು, ಉಬ್ಬಿದ ಕಡೆಗೆ ಇನ್ನೊಂದು, ಇದನ್ನು ಕಲಿಸಿದವನೂ ಚಿಕ್ಕಪ್ಪನೇ, ಮರೆತನೇ, ಮರೆತ ಹಾಗೆ ನಟಿಸುತ್ತಾನೆಯೇ — ಕರಣೆಯಡಿಯಲ್ಲಿ, ಕೆಮ್ಮಣ್ಣಿನಲ್ಲಿ, ಒಂದು ಕಪ್ಪು ಬೊಟ್ಟು, ಬಾಟಲಿ ಮುಚ್ಚಳದಗಲ, ಸಾಹೇಬರು ನಕ್ಷೆಗೆಂದು ಹೊಡೆಸಿದ ನಡುಗೂಟದಿಂದ ನಾಲ್ಕು ಹೆಜ್ಜೆ, ಆ ಮೂರು ಕಲ್ಲುಗಳ ಕಡೆಗೇ. ಯಾರಾದರೂ ಬೇಕೆಂದೇ ಮಾಡಿಟ್ಟರೇ, ಇದೂ ಬಲೆಯೇ, ಬೆರಳು ಇಳಿಯಿತು, ಮೆತ್ತಗೆ, ಮೂರು ಗಿಣ್ಣು, ಇಲ್ಲ, ಇದು ಹಳೆಯದು, ಗೂಟ ಕೊಳೆತು ಆದ ಮಣ್ಣು, ನನ್ನಂಥವನೇ ಯಾರೋ ಹೊಡೆದ ಗೂಟ, ಕೆದಕಿದೆ, ಕೆದಕಿ ಕೆದಕಿ ಎಸೆದೆ, ಹೊಸ ಗೂಟ ಹೊಡೆದೆ, ದಾರ ಕಟ್ಟಿದೆ, ಮೊದಲ ಕಲ್ಲಿಗೆ ಮುಟ್ಟುವಷ್ಟು ಹಿಡಿದು ನಡೆದೆ, ಎರಡನೆಯದಕ್ಕೆ ಮುಟ್ಟಿತು, ಮೂರನೆಯದಕ್ಕೂ, ಕೂದಲೆಳೆ ವ್ಯತ್ಯಾಸವಿಲ್ಲ, ನೆಟ್ಟವನೇ ಹೀಗೆ ನೆಟ್ಟದ್ದು, ನಾನು ಸರಿಸಿದ್ದಲ್ಲ. ಚಿಕ್ಕಪ್ಪ ಕೈಯ ತುತ್ತು ಬಿಟ್ಟು ಎದ್ದ, ಲೋ, ಅಂದ. ಸಾಹೇಬರು ಬಂದರು, ಕಲ್ಲು ನೋಡಲಿಲ್ಲ, ಗೂಟ ಕಿತ್ತು ಬಗ್ಗಿ ನೋಡಿದರು, ಇದನ್ನ ಈಗ ತಾನೇ ತೋಡಿದ್ದಲ್ವಾ, ಇಲ್ಲ ಸಾರ್, ಕಪ್ಪು ಮಣ್ಣು ತುಂಬಿತ್ತು, ಎಲ್ಲಿ, ತೋರ್ಸು — ಎಲ್ಲಿ, ಹೆರೆದ ಕೆಮ್ಮಣ್ಣಿನ ಗುಡ್ಡೆಯಲ್ಲಿ ಕಲೆತುಹೋಗಿದೆ, ನಾನೇ ಎಸೆದೆ, ಈ ಕೈಯಿಂದಲೇ, ಬೊಟ್ಟು ಇಲ್ಲ, ಬರೀ ತೂತು, ಚೊಕ್ಕ, ಹೊಚ್ಚ ಹೊಸದು, ಒಳಗೆಲ್ಲ ಕೆಂಪು, ಕಪ್ಪು ಇರುವುದು ನನ್ನ ಉಗುರಸಂದಿಯಲ್ಲಿ, ಉಗುರಸಂದಿಯಲ್ಲಿ ಮಾತ್ರ —