ಅತ್ತೆ ಕಚ್ಚಿದ್ದು

"ನಿಮ್ಮತ್ತೆ ಕಚ್ಚಿದ್ದಕ್ಕೆ ಕಾರ್ಖಾನೆಯವ್ರು ಯಾಕಮ್ಮ ಪರಿಹಾರ ಕೊಡ್ಬೇಕು? ಹೋಗಿ ಅವಳ ಹಲ್ಲು ಕೀಳ್ಸು, ಹೋಗು."

ಮೇಸ್ತ್ರಿ ಗೇಟಿನ ಕಂಬಿಗಳ ಸಂದಿಯಿಂದ ಒಂದು ಕಾಗದವನ್ನು ಆಡಿಸಿದ. ಕಾವಲಿನವನು ಕಿಸಕ್ಕೆಂದ. ಅವಳು ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಕಾಗದ ಈಸಿಕೊಂಡಳು. ಆಸ್ಪತ್ರೆಯ ಚೀಟಿಯ ನಕಲು. ಅತ್ತೆ ಕಚ್ಚಿ ಬಲಗೈ ಬೆರಳುಗಳಿಗೆ ಗಾಯ, ರೋಗಿಯೇ ಹೇಳಿದಂತೆ, ಎಂದಿತ್ತು.

"ಯಾವ ಅತ್ತೆ ಅಂತ ನಿಂಗೊತ್ತಿಲ್ವೇನೋ ಬೋಳಿಮಗ್ನೆ?"

"ನಂಗೆ ಗೊತ್ತಿರೋಳು ಒಬ್ಳೇ, ನನ್ ಹೆಂಡ್ತಿ ತಾಯಿ. ಅವಳೂ ಕಚ್ತಾಳೆ. ನಾನೇನು ಪರಿಹಾರ ಕೇಳ್ಕೊಂಡು ಅಲೀತೀನಾ?"

"ನಮ್ಮತ್ತೆ ಬಾಯಲ್ಲಿ ಹಲ್ಲೇ ಇಲ್ವಲ್ಲೋ."

"ಅದು ಚೀಟೀಲಿ ಬರ್ದಿಲ್ಲ," ಎಂದು ಮೇಸ್ತ್ರಿ ಬೆನ್ನು ತಿರುಗಿಸಿದ.

ಆ ಡಬ್ಬಿ ಕಾರ್ಖಾನೆಯಲ್ಲಿ ಅತ್ತೆ ಎಂದರೆ ಯಾರೆಂದು ಕಸ ಗುಡಿಸುವವಳಿಗೂ ಗೊತ್ತಿತ್ತು. ಮೂಲೆಯಲ್ಲಿ ನಿಂತು ತಗಡಿನಿಂದ ಮುಚ್ಚಳ ಒತ್ತುವ ಹಳೆಯ ಯಂತ್ರ ಅದು. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದಾಗ ಅಚ್ಚಿನಡಿ ಸಿಗುವುದಾದರೂ ಹೇಗೆ? ಯಂತ್ರ ಮಾಡಿದವನ ಲೆಕ್ಕ ಹಾಗಿತ್ತು. ಮೇಸ್ತ್ರಿಯ ಲೆಕ್ಕ ಬೇರೆ. ಒಂದು ಗುಂಡಿಯನ್ನು ಒತ್ತಿ ಹಿಡಿದು ಅದರ ಸಂದಿಗೆ ಮರದ ಚಕ್ಕೆ ಬಡಿದುಬಿಟ್ಟಿದ್ದ. ಒಂದು ಕೈ ಗುಂಡಿಗೆ, ಇನ್ನೊಂದು ಕೈ ತಗಡಿಗೆ. ಮುಚ್ಚಳ ಮಳೆ ಬಿದ್ದಂತೆ ಬೀಳಬೇಕು. ಸಾಲದ್ದಕ್ಕೆ ಆ ಯಂತ್ರಕ್ಕೊಂದು ಚಾಳಿ. ಒಮ್ಮೆ ಒತ್ತಿದರೆ ಒಮ್ಮೊಮ್ಮೆ ಎರಡು ಸಲ ಇಳಿಯುತ್ತಿತ್ತು; ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಎರಡನೆಯದು ಯಾವಾಗ ಎಂದು ಹೇಳುವಂತಿರಲಿಲ್ಲ. ಒಂದು ಮಾತಿಗೆ ಸುಮ್ಮನಾಗುವವಳಲ್ಲ, ನೀನು ಬಾಯಿ ಮುಚ್ಚಿಕೊಂಡ ಮೇಲೆ ಇನ್ನೊಂದು ಅಂತಾಳೆ ಎಂದು ಹೆಂಗಸರು ನಗಾಡಿ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು. ಸಿಕ್ಕಿಕೊಂಡ ಮುಚ್ಚಳ ಎತ್ತಲು ಅವಳು ಕೈ ಹಾಕಿದಾಗ ಅತ್ತೆ ಎರಡನೇ ಮಾತಾಡಿದಳು.

ಮೇಸ್ತ್ರಿ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹಿಂದಿರುಗಿ ನೋಡದೆ ಹೋಗಿದ್ದ. ಏನಾಯ್ತೆಂದು ಗುಮಾಸ್ತ ತಲೆಯೆತ್ತದೆ ಕೇಳಿದ. ಅತ್ತೆ ಕಚ್ಚಿದ್ಲು, ಅಂದಳು. ಆ ನೋವಿನಲ್ಲಿ ಯಂತ್ರಕ್ಕೆ ಬೇರೊಂದು ಹೆಸರಿದೆ ಎಂಬುದೇ ಅವಳಿಗೆ ನೆನಪಾಗಲಿಲ್ಲ. ಅವನು ಬರೆದುಕೊಂಡ.

ಗೇಟಿನಿಂದ ವಾಪಸು ಬಂದ ಮಾರನೆಯ ದಿನ ಕರಿಕೋಟು ಮನೆಗೇ ಬಂತು. ಕಾರ್ಖಾನೆಯ ಸಾಹುಕಾರನ ವಕೀಲ. ಕೈಯಲ್ಲಿ ಹಣ್ಣಿನ ಚೀಲ. ಇರುವುದೊಂದೇ ಕೋಣೆ, ಗಂಡ ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿ ಗೋಡೆಗಂಟಿ ನಿಂತ. ಅವನು ಅದೇ ಕಾರ್ಖಾನೆಯ ವ್ಯಾನು ಓಡಿಸುವವನು. ಮಾಲೀಕನ ಕಡೆಯವರ ಮುಂದೆ ಕೂರುವುದು ಅವನಿಗೆ ಅಭ್ಯಾಸವಿರಲಿಲ್ಲ. ಅತ್ತೆ, ಎಂದರೆ ಹಲ್ಲಿಲ್ಲದ ಅಸಲಿ ಅತ್ತೆ, ಒಲೆಯ ಹತ್ತಿರ ಮುದುಡಿ ಕೂತು ಹಣ್ಣಿನ ಚೀಲವನ್ನೇ ನೋಡುತ್ತಿದ್ದಳು.

"ನೋಡು ತಂಗಿ," ವಕೀಲ ಕಿತ್ತಳೆ ಸುಲಿಯುತ್ತ ಶುರುಮಾಡಿದ, "ಗಾಯ ಒಂದೇ ಆದ್ರೂ ಪರಿಹಾರಕ್ಕೆ ಬಾಗಿಲು ಬೇರೆ ಬೇರೆ. ಗಾಡಿಯಿಂದ ಆದ ಗಾಯಾನಾ? ಗಾಡಿಗೆ ಇನ್ಶೂರೆನ್ಸ್ ಇರತ್ತೆ, ಆ ಕಂಪನಿ ಕೊಡತ್ತೆ. ಡಾಕ್ಟ್ರು ಸರಿಯಾಗಿ ನೋಡ್ದೆ ಕೈ ಕೆಡ್ಸಿದ್ರಾ? ಆಸ್ಪತ್ರೆ ಮೇಲೆ ಹಾಕ್ಬೋದು, ಆದ್ರೆ ತಪ್ಪು ಅವ್ರದ್ದು ಅಂತ ನೀನೇ ತೋರಿಸ್ಬೇಕು. ಯಾರಾದ್ರೂ ಬೇಕಂತ ಹೊಡೆದ್ರಾ? ಹೊಡ್ದೋರಿಂದ ವಸೂಲಿ. ಸಾಮಾನೇ ಕೆಟ್ಟದ್ದಾ? ಅದನ್ನ ಮಾಡಿ ಮಾರಿದೋನ ಮೇಲೆ. ಇನ್ನು ಕೆಲ್ಸದ ಜಾಗದ್ದು ಅಂತ ಒಂದಿದೆ, ಅದು ಉದ್ದದ ದಾರಿ, ಬಿಡು."

ಅಷ್ಟು ಹೊತ್ತೂ ಅವಳ ಕಿವಿ ಒಂದು ಕಡೆ, ಕಣ್ಣು ಒಂದು ಕಡೆ ಇದ್ದವು. 'ಬಿಡು' ಎಂಬ ಮಾತಿಗೆ ಎರಡೂ ಒಂದಾದವು. ಬಟ್ಟೆ ಅಂಗಡಿಯವನು ಯಾವುದನ್ನು ಬಿಡಿಸಿ ತೋರಿಸದೆ ಹಿಂದಕ್ಕೆ ಸರಿಸುತ್ತಾನೋ ಅದೇ ಗಟ್ಟಿ ಬಟ್ಟೆ ಎಂದು ಅವಳ ತಾಯಿ ಹೇಳುತ್ತಿದ್ದಳು.

"ಅದನ್ಯಾಕೆ ಬಿಡ್ಬೇಕು? ಅದ್ರಲ್ಲಿ ನಾನೇನು ತೋರಿಸ್ಬೇಕು?"

"ಕೆಲ್ಸ ಮಾಡ್ತಿರುವಾಗ್ಲೇ ಆಯ್ತು ಅಂತ ತೋರಿಸ್ಬೇಕಾಗತ್ತೆ."

"ತಪ್ಪು ಯಾರ್ದು ಅಂತ?"

ವಕೀಲ ಕಿತ್ತಳೆಯ ನಾರು ಬಿಡಿಸಿದ. "ಅದನ್ನ... ಅಷ್ಟಾಗಿ ಕೇಳಲ್ಲ. ಆದ್ರೆ ಕೂದಲು ಬೆಳ್ಳಗಾಗೋತನಕ ಅಲೀಬೇಕು. ನಿನ್ ಚೀಟೀಲಿ ಬೇರೆ ಅತ್ತೆ ಅಂತ ಕೂತಿದೆ. ಸಾಹುಕಾರ್ರು ಒಳ್ಳೇವ್ರು, ನಿಂಗೆ ಏನೂ ಸಿಗದೆ ಹೋಗ್ಬಾರ್ದು ಅಂತಾರೆ. ನಿನ್ ಗಂಡ ವ್ಯಾನು ಹಿಂದಕ್ಕೆ ತಗೊಂಡ, ನೀನು ಹಿಂದೆ ನಿಂತಿದ್ದೆ, ಕೈ ಗೋಡೆಗೂ ಗಾಡಿಗೂ ನಡುವೆ ಸಿಕ್ತು. ಇಷ್ಟು ಹೇಳು ಸಾಕು. ಇನ್ಶೂರೆನ್ಸ್ ಬರತ್ತೆ."

"ಮತ್ತೆ ಚೀಟಿ?"

"ನೋವಲ್ಲಿ ಬಡಬಡಿಸ್ದೆ ಅಂದ್ರಾಯ್ತು."

"ಯಂತ್ರಕ್ಕಾದ್ರೆ ಚೀಟಿ ಅಡ್ಡ ಬರತ್ತೆ, ವ್ಯಾನಿಗಾದ್ರೆ ಬಡಬಡಿಕೆ ಆಗತ್ತಾ?"

ವಕೀಲ ನಕ್ಕ. ಕಿತ್ತಳೆಯ ತೊಳೆಯೊಂದನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಬಾಗಿಲು ಬಾಗಿಲು ಅಂತ ಇವನು ತೋರಿಸಿದ್ದೆಲ್ಲ ತನ್ನ ಮನೆಯೊಳಕ್ಕೇ ತೆರೆದುಕೊಳ್ಳುತ್ತಿದೆ ಎಂದು ಅವಳಿಗೆ ಹೊಳೆಯಿತು. ಒಂದರ ಹಿಂದೆ ಅತ್ತೆ ನಿಂತಿದ್ದಾಳೆ, ಇನ್ನೊಂದರ ಹಿಂದೆ ಗಂಡ. ಸಾಹುಕಾರ ಮಾತ್ರ ಯಾವ ಬಾಗಿಲ ಹಿಂದೆಯೂ ಇಲ್ಲ.

"ಸುಳ್ಳು ಅಂತ ಗೊತ್ತಾದ್ರೆ ಜೈಲಿಗೆ ಹೋಗೋನು ಇವ್ನು," ಎಂದು ಗಂಡನ ಕಡೆ ಗದ್ದ ಎತ್ತಿದಳು. "ನೀವು ಹೋಗ್ತೀರಾ ಜೊತೆಗೆ?"

ವಕೀಲ ಕೈ ಒರೆಸಿಕೊಂಡು ಎದ್ದ. ಹೋಗುವಾಗ ಒಲೆಯ ಕಡೆ ತಿರುಗಿ, "ಬರ್ಲಾ ಅಜ್ಜಿ," ಅಂದ. ಅತ್ತೆ ತಲೆಯಾಡಿಸಿದಳು. ಅಷ್ಟೇ. ಆದರೆ ಅಪರಿಚಿತನಿಗೆ ಆಡಿಸುವ ತಲೆ ಹಾಗಿರುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

"ನನ್ ಕೆಲ್ಸ ಹೋಗತ್ತೆ ಕಣೆ," ಎಂದ ಗಂಡ, ಕುರ್ಚಿ ಎತ್ತಿಕೊಂಡು.

"ನನ್ ಕೈ ಹೋಯ್ತು."

"ಹೋಗಿದ್ದು ಬರತ್ತಾ? ಇರೋದನ್ನ ಉಳಿಸ್ಕೊಬೇಕು ತಾನೆ?"

ಪರಿಹಾರದ ಕಚೇರಿಗೆ ಅರ್ಜಿ ಹಾಕಿಸಿದ್ದು ಡಬ್ಬಿಗೆ ಹಿಡಿಕೆ ಕೂರಿಸುವ ಗೆಳತಿ. ಕೆಲಸದಲ್ಲಿ ಆದ ಗಾಯವೆಂದು ಬರೆಸು, ಬೇರೆ ಯಾವುದಕ್ಕೂ ಒಪ್ಪಬೇಡ, ಮಾಲೀಕ ಕೊಡಲೇಬೇಕು ಎಂದು ಅವಳೇ ಕಚೇರಿಯ ಮೆಟ್ಟಿಲು ಹತ್ತಿಸಿದಳು. ಅವಳ ಮೇಲೂ ಗುಮಾನಿ ಬಂತು. ಇವಳಿಗೇನು ಲಾಭ? ನಾನಿಲ್ಲದ ಜಾಗಕ್ಕೆ ಇವಳ ತಂಗಿಯನ್ನು ಸೇರಿಸಿಕೊಂಡಿದ್ದಾರಂತೆ. ಕೇಳಿಯೇಬಿಟ್ಟಳು.

"ಹೌದು, ಸೇರ್ಸ್ಕೊಂಡಿದಾರೆ," ಗೆಳತಿ ಸಿಡುಕಿದಳು. "ಅದೇ ಯಂತ್ರದ ಮುಂದೆ ಕೂರ್ಸಿದಾರೆ ಕಣೆ ಮುಂಡೆ. ನಂಗಿನ್ನೇನು ಲಾಭ ಬೇಕು?"

ಅರ್ಜಿ ಹೋದ ಮೇಲೆ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕರಿಕೋಟು ಕಂಡಿತು. ಎದುರಿಗೆ ಅತ್ತೆ, ಕೊಡ ನಲ್ಲಿಯಡಿ. ಕೊಡ ತುಂಬಿ ಸುರಿಯುತ್ತಿದ್ದರೂ ಮಾತು ಮುಗಿಯಲಿಲ್ಲ. ಅತ್ತೆ ಮನೆಗೆ ಬಂದಾಗ ಸೊಸೆ ಕೇಳಿದಳು.

"ಏನಂದ?"

"ನೀರು ಚೆಲ್ತಿದೆ ಅಜ್ಜಿ, ಅಂದ."

"ಅಷ್ಟಕ್ಕೆ ಅಷ್ಟೊತ್ತಾ?"

"ವಯಸ್ಸಾದೋಳು ಕಣೆ ನಾನು. ಕಿವಿಗೆ ನಿಧಾನಕ್ಕೆ ಬೀಳತ್ತೆ," ಎಂದಳು ಅತ್ತೆ, ಮುಖ ತಿರುಗಿಸಿ. ಆ ದಿನವೂ ಸೊಸೆಯ ತಲೆ ಬಾಚಿ ಜಡೆ ಹಾಕಿದವಳು ಅವಳೇ. ಕೈ ಹೋದಾಗಿನಿಂದ ಹಾಕುತ್ತಿದ್ದಳು. ಆ ದಿನ ಜಡೆ ಎಂದಿಗಿಂತ ಬಿಗಿಯಾಗಿತ್ತು.

ಪರಿಹಾರದ ಕಚೇರಿಯ ಅಧಿಕಾರಿ ವಿಚಾರಣೆಗೆ ಕಾರ್ಖಾನೆಗೇ ಬಂದ. ಕನ್ನಡಕದ, ಸಣ್ಣ ಧ್ವನಿಯ ಮನುಷ್ಯ. ಎಣ್ಣೆ ಮೆತ್ತೀತೆಂದು ಕಾಲು ಎತ್ತೆತ್ತಿ ಇಡುತ್ತಿದ್ದ. ಮೂಲೆಯ ಯಂತ್ರಕ್ಕೆ ಹೊಸ ಬಣ್ಣ ಬಳಿದಿದ್ದರು. ಚಕ್ಕೆ ಇರಲಿಲ್ಲ. ಚಕ್ಕೆ ಬಡಿದ ಕಡೆ ಬಣ್ಣ ಇನ್ನೂ ಹಸಿಯಾಗಿತ್ತು. ಹೆಂಗಸರೆಲ್ಲ ಅವರವರ ಜಾಗದಲ್ಲಿ ತಲೆ ಬಗ್ಗಿಸಿ ಕೂತಿದ್ದರು. ಬಾಗಿಲ ಹತ್ತಿರ ಗಂಡ ನಿಂತಿದ್ದ, ವ್ಯಾನಿನ ಬೀಗದಕೈ ಬೆರಳಲ್ಲಿ ತಿರುಗಿಸುತ್ತ. ಅವನ ಪಕ್ಕ ಅತ್ತೆ. ಇವಳನ್ನು ಯಾರು ಕರೆಸಿದರು?

ಮೇಸ್ತ್ರಿ ಎರಡೂ ಕೈಯಿಂದ ಗುಂಡಿ ಒತ್ತಿ ತೋರಿಸಿದ. ಅಚ್ಚು ಧಡ್ಡನೆ ಇಳಿದು ಮೇಲೆ ಹೋಯಿತು. ಅವಳು ಕಾದಳು. ಇನ್ನೊಂದು ಮಾತು ಆಡೇ, ಆಡೇ ಮಾರಿ. ಅತ್ತೆ ಆಡಲಿಲ್ಲ.

"ನೋಡಿದ್ರಲ್ಲ ಸಾರ್," ಎಂದ ವಕೀಲ. "ಕೈ ಎರಡೂ ಗುಂಡಿ ಮೇಲೆ. ತಾನಾಗಿ ಇಳಿಯೋ ಮಾತೇ ಇಲ್ಲ. ಇದು ಮನೆ ಜಗಳ. ಆ ಅಜ್ಜಿನೇ ಕೇಳಿ."

ಅಧಿಕಾರಿ ಬಾಗಿಲ ಕಡೆ ತಿರುಗಿದ. "ಏನಮ್ಮ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಮಗನ ಕೈಯಲ್ಲಿದ್ದ ಬೀಗದಕೈಯನ್ನು ನೋಡಿದಳು.

"ಹೌದು ಸಾಮಿ. ಕಚ್ಚೋಕೆ ಹಲ್ಲೆಲ್ಲಿದೆ? ನಾನೇ ಜಜ್ಜಿದ್ದು. ಜಗಳದಲ್ಲಿ, ಗುಂಡುಕಲ್ಲಲ್ಲಿ."

ಸೊಸೆಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಲ್ಲಿಯ ಹತ್ತಿರವೇ ಇದು ಗೊತ್ತಿತ್ತು, ಬಿಗಿ ಜಡೆಯಲ್ಲಿ ಗೊತ್ತಿತ್ತು. ಮಗನ ಅನ್ನಕ್ಕೆ ಮುದುಕಿ ತನ್ನ ಮರ್ಯಾದೆ ಮಾರಿದ್ದಳು. ಕೊಂಡವನು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

"ಇಲ್ಲಿ ಯಾರಾದ್ರೂ ಈ ಯಂತ್ರಾನ ಅತ್ತೆ ಅಂತ ಕರೀತೀರಾ?" ಅಧಿಕಾರಿ ಹೆಂಗಸರನ್ನು ಕೇಳಿದ. "ಇವ್ಳ ಅರ್ಜೀಲಿ ಹಾಗಿದೆ."

ಬಗ್ಗಿದ್ದ ತಲೆಗಳು ಇನ್ನಷ್ಟು ಬಗ್ಗಿದವು. ಗೆಳತಿ ಬಾಯಿ ತೆರೆದಳು, ಮೇಸ್ತ್ರಿ ಅವಳ ತಂಗಿಯ ಹೆಗಲ ಹಿಂದೆ ಬಂದು ನಿಂತ, ಬಾಯಿ ಮುಚ್ಚಿದಳು.

"ಯಂತ್ರನ ಅತ್ತೆ ಅಂತಾರಂತೆ!" ಮೇಸ್ತ್ರಿ ನಕ್ಕ. "ನಾವೇನು ಮದ್ವೆ ಮಾಡ್ಕೊಂಡು ಬಂದಿದೀವಾ ಸಾರ್ ಇಲ್ಲಿಗೆ?"

ಅಧಿಕಾರಿಯೂ ಸಣ್ಣಗೆ ನಕ್ಕ. ಫೈಲು ಮುಚ್ಚಲು ಹೋದ.

ಅವಳು ಮೂಲೆಗೆ ನಡೆದಳು. ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಯಂತ್ರದ ದೊಡ್ಡ ಚಕ್ರ ಇನ್ನೂ ತಿರುಗುತ್ತಿತ್ತು. ಉಳಿದ ಕೈಯನ್ನು, ಎಡಗೈಯನ್ನು, ಮಣಿಕಟ್ಟಿನವರೆಗೆ ಅಚ್ಚಿನಡಿ ಚಾಚಿ ಅಂಗೈ ಊರಿದಳು. ತಣ್ಣಗಿತ್ತು.

"ಏಯ್, ಅತ್ತೆ ಬಾಯಿಂದ ಕೈ ತೆಗಿಯೇ ಮುಂಡೆ!" ಮೇಸ್ತ್ರಿ ಕಿರುಚಿದ. "ಎರಡನೇ ಸಲ ಇಳಿಯತ್ತೇ!"



ಅಧಿಕಾರಿ ಮೇಸ್ತ್ರಿಯನ್ನು ನೋಡಿದ. ಆಮೇಲೆ ಅಷ್ಟು ದೂರದಲ್ಲಿ, ಬಾಗಿಲ ಹತ್ತಿರ ಖಾಲಿ ಬಾಯಿ ತೆರೆದು ನಿಂತಿದ್ದ ಮುದುಕಿಯನ್ನು ನೋಡಿದ. "ಯಾವ ಅತ್ತೆ ಅಂದ್ಯಪ್ಪ?"

ಮೇಸ್ತ್ರಿ ಸ್ವಿಚ್ಚಿನ ಕಡೆ ಒಂದು ಹೆಜ್ಜೆ ಇಟ್ಟ.

"ಸ್ವಿಚ್ ಮುಟ್ಬೇಡ," ಅಂದಳು ಅವಳು. "ತಾನಾಗಿ ಇಳಿಯೋ ಮಾತೇ ಇಲ್ಲ ಅಂದ್ರಲ್ಲ ವಕೀಲ್ರು. ಮತ್ಯಾಕೆ ಎಲ್ರೂ ಬೆವರ್ತಿದೀರಾ? ಬರ್ಕೊಳ್ಳಿ ಸಾರ್, ಅವ್ನು ಅಂದಿದ್ದನ್ನ."

"ಮೊದ್ಲು ಕೈ ತೆಗಿಯಮ್ಮ. ಆಮೇಲೆ ಬರೀತೀನಿ."

"ಬರೀರಿ. ಆಮೇಲೆ ತೆಗೀತೀನಿ."

"ಆಯ್ತು, ಆಯ್ತು," ಎಂದು ಅವನು ಪೆನ್ನು ತೆಗೆದು ಏನೋ ಗೀಚಿದ. ವಕೀಲ ಅವನ ಭುಜದ ಮೇಲಿಂದ ಬಗ್ಗಿ ಕಿವಿಯಲ್ಲಿ ಏನೋ ಅಂದ. ಪೆನ್ನು ನಿಂತಿತು. ಮತ್ತೆ ಓಡಿತು. ಬರೆದಿದ್ದು ಅವಳು ನಿಂತ ಕಡೆಗೆ ಕಾಣುತ್ತಿರಲಿಲ್ಲ.

"ಬರ್ದೆ. ತೆಗಿ ಕೈ."

ಬಾಗಿಲ ಹತ್ತಿರ ಬೀಗದಕೈ ನೆಲಕ್ಕೆ ಬಿದ್ದ ಸದ್ದಾಯಿತು. ಅವಳು ಆ ಕಡೆ ತಿರುಗಲಿಲ್ಲ. ಕಣ್ಣು ಪೆನ್ನಿನ ಮೇಲಿತ್ತು. ಕೈಯ ಮೇಲೆ ಅಚ್ಚು, ಎಣ್ಣೆ ತೊಟ್ಟಿಕ್ಕಿಸುತ್ತ, ಕಾಯುತ್ತಿತ್ತು.

"ಓದಿ," ಅಂದಳು. "ಎಲ್ರಿಗೂ ಕೇಳೋ ಹಾಗೆ ಓದಿ."