ಸಾಹೇಬರಿಗೆ ಕೊಟ್ಟ ತಂಬಿಗೆ ನೀರು

ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಊರಿದೆ. ಊರ ಹೊರಗೆ ಚೆಂದದ ಬಸ್ ತಂಗುದಾಣವಿದೆ. ಕೂಡಲು ಗ್ರಾನೈಟ್ ಕಟ್ಟೆ, ಮೇಲೆ ನೀಲಿ ತಗಡು, ಅದರ ಹಣೆಗೆ ಒಂದು ಕಂಪನಿಯ ಹೆಸರು. ಎಲ್ಲ ಇದೆ, ಬಸ್ಸು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಅದು ಮೊದಲಿನಿಂದಲೂ ನಿಲ್ಲುವುದು ಅತ್ತ ಚಹಾದ ಅಂಗಡಿಯ ಮುಂದೆ. ಹೀಗಾಗಿ ತಂಗುದಾಣದಲ್ಲಿ ಆಡುಗಳು ತಂಗುತ್ತವೆ. ಮಧ್ಯಾಹ್ನ ಊಟವಾದ ಮೇಲೆ ಊರ ಹಿರಿಯ ತಮ್ಮಣ್ಣನೂ ಅವುಗಳ ಪಕ್ಕದಲ್ಲಿ ಒಂದು ನಿದ್ದೆ ತೆಗೆಯುತ್ತಾನೆ.

ಈ ತಂಗುದಾಣ ಬಂದದ್ದು ಹೀಗೆ. ಊರ ಪಕ್ಕದಲ್ಲೇ ಬೆಳಗಾವಿಯ ಒಂದು ಫೌಂಡ್ರಿ ಕಂಪನಿಯ ಕಾರ್ಖಾನೆ ಇದೆ. ಕಬ್ಬಿಣ ಕರಗಿಸಿ ಯಂತ್ರದ ಭಾಗಗಳನ್ನು ಎರಕ ಹೊಯ್ಯುತ್ತಾರೆ. ಕೆಲವು ವರ್ಷಗಳ ಹಿಂದೆ ಕಂಪನಿಯವರು ಬಂದು, ಊರಿಗೆ ಏನಾದರೂ ಮಾಡಿಕೊಡುತ್ತೇವೆ, ಏನು ಬೇಕು ಹೇಳಿ ಎಂದು ತಮ್ಮಣ್ಣನನ್ನು ಕೇಳಿದ್ದರು. ಕೊಡಲು ಬಂದವರ ಮುಂದೆ ಇಂಥದೇ ಬೇಕು ಎಂದು ಬಾಯಿ ಬಿಡುವುದು ನಮ್ಮ ಕಡೆ ಮರ್ಯಾದೆಯಲ್ಲ. ತಮ್ಮಣ್ಣ ಕೈಮುಗಿದು, "ನೀವು ಏನ್ ಕೊಟ್ರೂ ನಡೀತೈತ್ರಿ" ಅಂದ. ಅವರು ತಮಗೆ ತಿಳಿದದ್ದನ್ನು ಕೊಟ್ಟು ಹೋದರು. ತಪ್ಪು ಯಾರದು ಅಂತ ಆಡುಗಳನ್ನು ಕೇಳಬೇಕು.

ಊರಿಗೆ ಬೇಕಾಗಿದ್ದದ್ದು ಬೇರೆಯೇ ಇತ್ತು. ಎರಕಕ್ಕೆ ಬಳಸಿ ಉಳಿದ ಕರಿ ಉಸುಕನ್ನು ಲಾರಿಯವರು ಹಳ್ಳದ ದಂಡೆಗೆ ತಂದು ಸುರಿಯುತ್ತಿದ್ದರು. ಅದರ ಕೆಳಗೇ ಊರ ಬಾವಿ. ಬೇಸಿಗೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮಳೆ ಬಿದ್ದರೆ ಸಾಕು, ಉಸುಕು ಕೊಚ್ಚಿಕೊಂಡು ಬಂದು ಬಾವಿಯ ನೀರು ಕಾಡಿಗೆ ಕಲಸಿದ ಹಾಗಾಗುತ್ತಿತ್ತು. ಆಗ ಹೆಂಗಸರು ಗುಡ್ಡ ಹತ್ತಿ, ಮೇಲಿನ ಒರತೆಯಿಂದ ನೀರು ತರಬೇಕು. ಹೋದ ಮಳೆಗಾಲದಲ್ಲಿ ತಮ್ಮಣ್ಣನ ಹೆಂಡತಿ ಕಾಶವ್ವ ಆ ಜಾರುದಾರಿಯಲ್ಲಿ ಕೊಡದ ಸಮೇತ ಬಿದ್ದು ಮೊಣಕಾಲು ಕೆಡಿಸಿಕೊಂಡಳು. ಅಂದಿನಿಂದ ಆ ಕೊಡ ಸೊಸೆ ಸಮೃದ್ಧಿಯ ತಲೆಗೆ ಬಂತು. ಸಮೃದ್ಧಿ ಈಗ ಬಸುರಿ. ಜೂನ್ ಹತ್ತಿರವಾಯಿತು, ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಇನ್ನೇನು ಹಿಡಿಯುತ್ತದೆ. ಈ ಹುಡುಗಿ ಆ ದಾರಿಯಲ್ಲಿ ಜಾರಿದರೆ ಗತಿಯೇನು ಎಂದು ಕಾಶವ್ವನಿಗೆ ಕೂತರೂ ನಿಂತರೂ ಅದೇ ಚಿಂತೆ.

ಅಷ್ಟರಲ್ಲಿ ಕಂಪನಿಯವರು ಮತ್ತೆ ಬರುವ ಸುದ್ದಿ ಬಂತು. ಈ ಸಲ ಊರ ಬಾಗಿಲಿಗೆ ದೊಡ್ಡ ಕಮಾನು ಕಟ್ಟಿಸಿಕೊಡುತ್ತಾರಂತೆ. ತಮ್ಮಣ್ಣ ಹಿಗ್ಗಿದ. ಕಲ್ಲಿನ ಮೇಲೆ ತನ್ನ ಹೆಸರೂ ಬಂದೀತೆಂಬ ಆಸೆ ಅವನಿಗೆ. ಕಮಾನು ಬೇಡ, ಉಸುಕಿನ ಮಾತು ಎತ್ತು ಎಂದು ಕಾಶವ್ವ ಹೇಳಿದಾಗ ಅವನ ಮೋರೆ ಸಣ್ಣದಾಯಿತು. ಮಗ ವಿನಯ ದುಡಿಯುವುದು ಅದೇ ಕಾರ್ಖಾನೆಯಲ್ಲಿ.

"ಮಗನ ಅನ್ನಕ್ಕ ಕಲ್ಲ ಹಾಕ್ತಿಯೇನ? ಕೊಡಾವ್ರ ಮುಂದ ತಕರಾರು ಮಾಡಿದ್ರ ನಾಳೆ ಅಂವನ್ನ ಮನಿಗಿ ಕಳಸ್ತಾರ" ಅಂದ.

ಹೆದರಿಕೆ ಸುಳ್ಳೇನಲ್ಲ, ಮನೆ ನಡೆಯುವುದು ವಿನಯನ ಪಗಾರದ ಮೇಲೆಯೇ. ಕಾಶವ್ವ ಸುಮ್ಮನಾದಳು. ಆದರೆ ಚಿಂತೆ ಸುಮ್ಮನಾಗಲಿಲ್ಲ.

ಅದೇ ವಾರ ಊರ ಹೆಂಗಸರ ಸ್ವಸಹಾಯ ಸಂಘದ ಸಭೆಗೆ ಮರಿಯಮ ಬಂದಳು. ಮರಿಯಮ ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಕಾಶವ್ವನ ಬಾಜೂ ಮನೆಯ ಹುಡುಗಿ. ಈಗ ಗಂಡನ ಜೊತೆ ಬೆಳಗಾವಿಯ ಅನಗೋಳದಲ್ಲಿದ್ದಾಳೆ. ಕಂಪನಿಗಳು ಕೊಡುವ ಹಣದಿಂದ ಹಳ್ಳಿಗಳಲ್ಲಿ ಕೆಲಸ ಮಾಡಿಸುವ ಒಂದು ಸೇವಾ ಸಂಸ್ಥೆಯಲ್ಲಿ ಅವಳ ನೌಕರಿ. ಕಾಶವ್ವ ತಮ್ಮಣ್ಣನನ್ನೂ ಒತ್ತಾಯ ಮಾಡಿ ಸಭೆಗೆ ಎಳೆದು ತಂದಿದ್ದಳು. ಅವನು ಬಾಗಿಲ ಹತ್ತಿರ ಗಂಟುಮೋರೆ ಹಾಕಿಕೊಂಡು ಕೂತ.

ಮರಿಯಮ ಹಳೆಯದರಿಂದ ಶುರು ಮಾಡಿದಳು. ಹಿಂದೆ ಶೇಟಜಿಗಳು ಧರ್ಮಶಾಲೆ ಕಟ್ಟಿಸುತ್ತಿದ್ದರು, ಬೇಸಿಗೆಯಲ್ಲಿ ಅರವಟಿಗೆ ಇಡುತ್ತಿದ್ದರು. ಅದು ಅವರ ಮನಸ್ಸಿನ ದೊಡ್ಡತನ, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ಕಂಪನಿಗಳು ಕಂಬಳಿ, ನೋಟಬುಕ್ಕು ಹಂಚಿ ಫೋಟೋ ತೆಗೆಸಿಕೊಳ್ಳುವ ಕಾಲ ಬಂತು. ಹತ್ತು ಹನ್ನೆರಡು ವರ್ಷದ ಹಿಂದೆ ಇದಕ್ಕೆ ಕಾಯಿದೆಯೇ ಆಯಿತು. ಕಾಯಿದೆಯಲ್ಲಿ ಹೇಳಿದಷ್ಟು ದೊಡ್ಡದಾದ ಕಂಪನಿ, ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯಾದರೂ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಅದರಲ್ಲೂ ಕಾರ್ಖಾನೆಯ ಸುತ್ತಲಿನ ಊರುಗಳನ್ನು ಮೊದಲು ನೋಡಬೇಕು. ಇದನ್ನೇ ಸಿಎಸ್‌ಆರ್ ಅನ್ನುತ್ತಾರೆ, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ.

"ಹಂಗಾರ ಅದು ನಮ್ಮ ಹಕ್ಕಾತು. ಇಂಥಾದ್ದ ಕೊಡ್ರಿ ಅಂತ ಕೂತು ಬಿಡೂದ?" ಎಂದು ತಮ್ಮಣ್ಣ ಕೊಂಕು ತೆಗೆದ.

"ಇಲ್ಲ ಕಾಕಾ, ಹಟ ಮಾಡಾಕ ಬರೂದಿಲ್ಲ. ಯಾವ ಊರಿಗಿ ಏನ್ ಮಾಡಬೇಕು ಅನ್ನೂದು ಅವರ ಕೈಯಾಗ ಐತಿ. ಆದ್ರ ಊರಿಗಿ ಏನ್ ಬೇಕು ಅಂತ ಹೇಳೂದು ನಮ್ಮ ಕೈಯಾಗ ಐತಿ. ಉಸುಕಿನ ಮಾತು ಮಾತ್ರ ಬ್ಯಾರೆ. ನಮ್ಮ ಮನಿ ಕಸಾ ನಿಮ್ಮ ಅಂಗಳಕ್ಕ ಚೆಲ್ಲಿ, ಮ್ಯಾಲ ನಿಮಗ ಹೋಳಿಗಿ ಕೊಟ್ರ ಲೆಕ್ಕ ಮುಗೀತೇನು? ತನ್ನ ಕಸಾ ತಾ ತಗಿಯೂದು ಸಿಎಸ್‌ಆರ್ ಅಲ್ಲ, ಅದು ಕಂಪನಿ ಮಾಡಾಕ ಬೇಕಾದ ಕೆಲಸ."

ಈಗಿನ ಕಾಲದಲ್ಲಿ ಕಂಪನಿ ಲಾಭದಲ್ಲಿ ಎಷ್ಟು ಕೊಟ್ಟಿತು ಅಂತ ಅಷ್ಟೇ ಅಲ್ಲ, ಆ ಲಾಭವನ್ನು ಹೇಗೆ ಗಳಿಸಿತು ಅಂತಲೂ ಜನ ಕೇಳುತ್ತಾರೆ ಎಂದು ಅವಳು ಬಿಡಿಸಿ ಹೇಳಿದಳು. ಮೊದಲು ಬಾಯಿಮಾತಿನಲ್ಲಿ ಹೇಳಿ, ಕೇಳದಿದ್ದರೆ ಪಂಚಾಯಿತಿ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ ಅಂದಳು. ಅನ್ನುತ್ತ ಒಂದು ಪ್ರಶ್ನೆಯನ್ನೂ ಕೇಳಿದಳು. ಕಂಪನಿಯವರು ಇಷ್ಟು ಸಲ ಬಂದಿದ್ದಾರಲ್ಲ, ಬಾವಿಯ ನೀರು ಅವರ ಕಣ್ಣಿಗೆ ಬಿದ್ದಿಲ್ಲವೇ?

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ತಂಬಿಗೆ ತುಂಬ ನೀರು. ಕಂಪನಿಯವರು ಬರುವ ದಿನ ಊರ ಮರ್ಯಾದೆ ಹೋಗಬಾರದೆಂದು ಇವರು ಗುಡ್ಡ ಹತ್ತಿ ಒರತೆಯ ನೀರು ತಂದಿಡುತ್ತಿದ್ದರು. ಸಾಹೇಬರು ಕುಡಿದು, ನಿಮ್ಮೂರ ನೀರು ಎಷ್ಟು ಸಿಹಿ ಎಂದು ಹೊಗಳಿ ಹೋಗುತ್ತಿದ್ದರು. ಕಾಶವ್ವನಿಗೆ ನಗುವೂ ಬಂತು, ಸಿಟ್ಟೂ ಬಂತು. ಈ ಸಲ ಬಾವಿಯ ನೀರನ್ನೇ ಮುಂದಿಡೋಣ ಅಂದಳು. ತಮ್ಮಣ್ಣ ಮಾತ್ರ ಬಂದವರಿಗೆ ರಾಡಿ ನೀರು ಕೊಡುವ ಮನೆತನ ನಮ್ಮದಲ್ಲ ಎಂದು ಎದ್ದುಹೋದ.

ಕಂಪನಿಯವರು ಬರುವ ದಿನ ಬಂತು. ಹಿಂದಿನ ದಿನ ಸಂಜೆ ಒಂದು ಅಡ್ಡಮಳೆ ಹೊಡೆದು ಬಾವಿ ಕಪ್ಪಾಗಿತ್ತು. ಬೆಳಗಾವಿಯಿಂದ ಅನಿಕೇತ ಎಂಬ ಅಧಿಕಾರಿ ಬಂದ, ಸಣ್ಣ ವಯಸ್ಸಿನವನು, ನಗುಮುಖದವನು. ತಮ್ಮಣ್ಣನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮರಿಯಮ ಹೆಂಗಸರ ಜೊತೆ ಕೂತಿದ್ದಳು. ಅನಿಕೇತ ಕಮಾನಿನ ಚಿತ್ರ ಬಿಚ್ಚಿ ತೋರಿಸಿ, ಇದು ನಡೆಯುತ್ತದಲ್ಲ ಅಂತ ತಮ್ಮಣ್ಣನನ್ನು ಕೇಳಿದ.

ಅದೇ ಹೊತ್ತಿಗೆ ಸಮೃದ್ಧಿ ಬೆಲ್ಲ, ನೀರು ತಂದಳು. ತಂಬಿಗೆಯ ನೀರು ತಿಳಿಯಾಗಿತ್ತು. ತಮ್ಮಣ್ಣನ ಕಣ್ಣು ಅವಳ ಕಾಲಿಗೆ ಹೋಯಿತು. ಸೀರೆಯ ಅಂಚಿಗೆಲ್ಲ ಕೆಸರು, ಮೊಣಕೈ ತರಚಿ ಕೆಂಪಾಗಿತ್ತು. ಅತ್ತೆ ಅಡುಗೆಮನೆಯಲ್ಲಿ ಅವಲಕ್ಕಿ ಹಚ್ಚುತ್ತಿದ್ದಾಗ ಯಾರಿಗೂ ಹೇಳದೆ ಒಬ್ಬಳೇ ಗುಡ್ಡ ಹತ್ತಿ ಬಂದಿದ್ದಳು. ಮಾವನ ಮನೆತನದ ಮರ್ಯಾದೆ ಉಳಿಸಲು ಹೋಗಿದ್ದಳು.

"ಬಿದ್ದಿಯೇನವಾ?" ಎಂದು ತಮ್ಮಣ್ಣ ಕೇಳಿದ.

"ಸ್ವಲ್ಪ ಜಾರಿತ್ರಿ ಮಾವ. ಕೈ ಊರಿದೆ, ಏನೂ ಆಗಿಲ್ಲ."

ತಮ್ಮಣ್ಣ ಸೊಸೆಯ ಕೈಯಿಂದ ತಂಬಿಗೆ ತೆಗೆದುಕೊಂಡು ಬದಿಗಿಟ್ಟ. ತಾನೇ ಎದ್ದು ಬಾವಿಗೆ ಹೋಗಿ, ಬೇರೆ ತಂಬಿಗೆಯಲ್ಲಿ ನೀರು ತಂದು ಸಾಹೇಬನ ಮುಂದೆ ಇಟ್ಟ.

"ಇದು ಕುಡ್ಯಾಕ ಅಲ್ರಿ ಸಾಹೇಬ್ರ, ನೋಡಾಕ. ನಮ್ಮೂರ ನೀರು ಇದ. ನಿಮ್ಮ ಮಂದಿ ಇಲ್ಲೀತನಕಾ ಕುಡದದ್ದು ನಮ್ಮ ಹೆಣ್ಣಮಕ್ಕಳು ಗುಡ್ಡದಿಂದ ಹೊತ್ತು ತಂದದ್ದು. ನನ್ನ ಮಗ ನಿಮ್ಮಲ್ಲೇ ದುಡೀತಾನ, ಅದಕ್ಕ ಇಷ್ಟು ದಿನ ಬಾಯಿ ಮುಚ್ಚಕೊಂಡು ಕೂತೆ. ಕಮಾನು ನಮಗ ನಡ್ಯೂದಿಲ್ರಿ. ಮೊದಲ ಆ ಉಸುಕು ತಗಸ್ರಿ."

ಅನಿಕೇತ ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. ಚಿತ್ರ ಸುತ್ತಿಟ್ಟು, ಆ ಜಾಗ ತೋರಿಸಿ ಅಂದ. ಮಂದಿಯೆಲ್ಲ ಹಳ್ಳಕ್ಕೆ ಹೋದರು. ಉಸುಕು ಹಾಕಲು ಬೇರೆ ಜಾಗ ಗೊತ್ತುಮಾಡಿದ್ದಾರೆ, ಗುತ್ತಿಗೆದಾರ ಲಾರಿ ಬಾಡಿಗೆ ಉಳಿಸಲು ಇಲ್ಲಿ ಸುರಿದಿದ್ದಾನೆ ಎಂದು ಅಲ್ಲಿಂದಲೇ ಕಾರ್ಖಾನೆಗೆ ಫೋನು ಮಾಡಿದಾಗ ಅವನಿಗೆ ಗೊತ್ತಾಯಿತು. ಗುತ್ತಿಗೆದಾರ ಯಾರೇ ಆಗಲಿ, ಉಸುಕು ಕಂಪನಿಯದೇ ಅಲ್ಲವೇ ಎಂದು ಮರಿಯಮ ಮೆಲ್ಲಗೆ ಕೇಳಿದಳು. ಅನಿಕೇತ ಹೌದೆಂದು ತಲೆಯಾಡಿಸಿದ.

ಅಂದು ತಮ್ಮಣ್ಣನಿಗೆ ಊಟ ಸೇರಲಿಲ್ಲ. ವಿನಯ ಪಾಳಿ ಮುಗಿಸಿ ಬರುವವರೆಗೂ ಕಟ್ಟೆಯ ಮೇಲೆ ಕೂತೇ ಇದ್ದ. ವಿನಯ ಬಂದವನೇ ಚಪ್ಪಲಿ ಬಿಡುತ್ತ, "ದೊಡ್ಡ ಸಾಹೇಬ್ರು ಕರಸಿದ್ರು" ಅಂದ. ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ನಿಮ್ಮೂರಾಗ ಇಷ್ಟೆಲ್ಲಾ ಆಗೇತಿ, ನೀ ಯಾಕ ಮೊದಲ ಹೇಳಲಿಲ್ಲ ಅಂತ ಬೈದ್ರು. ಅಷ್ಟ."

"ನೌಕರಿ?"

"ನಾಳೆ ಮುಂಜಾನಿ ಪಾಳಿ ಐತಿ ಅಪ್ಪಾ, ಲಗೂನ ಊಟಾ ಹಾಕಸ್ರಿ."

ತಮ್ಮಣ್ಣ ನಕ್ಕ. ತಲೆಯ ಮೇಲಿನ ಚೀಲ ಇಳಿಸಿದ ಹಾಗೆ ಉಸಿರು ಬಿಟ್ಟು, ತನಗೂ ಒಂದು ರೊಟ್ಟಿ ಹಾಕು ಎಂದು ಹೆಂಡತಿಗೆ ಹೇಳಿದ.

ಮಿರಗ ಹಿಡಿಯುವ ಮೊದಲೇ ಉಸುಕು ಹೋಯಿತು. ಆ ಖರ್ಚನ್ನು ಕಂಪನಿ ಸಿಎಸ್‌ಆರ್ ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯುವ ಹಾಗೂ ಇರಲಿಲ್ಲ. ಕಮಾನಿಗೆ ಇಟ್ಟಿದ್ದ ಹಣದಲ್ಲಿ ಗುಡ್ಡದ ಒರತೆಯಿಂದ ಪೈಪು ಎಳೆದು, ಊರ ನಡುವೆ ಟಾಕಿ ಕಟ್ಟಿ ನಳ ಕೂಡಿಸಿದರು. ಎಲ್ಲಿ ಕೂಡಿಸಬೇಕು ಅಂತ ಈ ಸಲ ಹೆಂಗಸರನ್ನು ಕೇಳಿದರು. ಟಾಕಿ ತೊಳೆಸುವ ಜವಾಬ್ದಾರಿ ಸಂಘ ಹೊತ್ತಿತು. ಬಾವಿಯ ಹೂಳನ್ನೂ ತೆಗೆಸಿದ್ದಾರೆ. ಸಮೃದ್ಧಿ ಹೆರಿಗೆಗೆ ತವರಿಗೆ ಹೊರಟ ದಿನ ಆ ನಳದಲ್ಲೇ ಒಂದು ತಂಬಿಗೆ ನೀರು ಹಿಡಿದು ಮಾವನ ಕೈಗೆ ಕೊಟ್ಟಳು. ಕುಡಿಯುತ್ತ ಕುಡಿಯುತ್ತ ಮುದುಕನ ಕಣ್ಣು ತುಂಬಿದವು.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರ ಹತ್ತಿರವೂ ಒಂದು ಕಂಪನಿ ಇರಬಹುದು. ನಾಳೆ ಅವರೂ ನಿಮ್ಮ ಬಾಗಿಲಿಗೆ ಬಂದು ಏನು ಬೇಕು ಅಂತ ಕೇಳಬಹುದು. ಬೆಲ್ಲ ಕೊಡಿ, ಚಹಾ ಕೊಡಿ, ಪ್ರೀತಿಯಿಂದ ಕೂಡಿಸಿ. ಆದರೆ ಏನು ಕೊಟ್ಟರೂ ನಡೆಯುತ್ತದೆ ಅಂತ ಹೇಳಬೇಡಿ. ಅವರು ಬರುವ ಮೊದಲೇ ಗ್ರಾಮಸಭೆಯಲ್ಲಿ, ಸಂಘದಲ್ಲಿ ಕೂತು ಊರಿಗೆ ಬೇಕಾದದ್ದು ಯಾವುದೆಂದು ಒಂದು ಮಾತಿಗೆ ಬನ್ನಿ. ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಕಾರ್ಖಾನೆಯಿಂದ ತೊಂದರೆಯಾಗಿದ್ದರೆ ಅದನ್ನೂ ಹೆದರದೆ ಹೇಳಿ. ಬಂದವರ ಕೈಗೆ, ನೀವು ದಿನಾಲೂ ಕುಡಿಯುವ ನೀರನ್ನೇ ಕೊಡಿ.