ನಲವತ್ತೊಂದು ದಿನದ ಮೋಡ

"ಮೋಡ ಅಲ್ಲದಿದ್ರೆ ಮತ್ತೇನ್ರೀ ಅದು? ನಿಮ್ಮ ಮನೆ ಮೇಲಿರೋದನ್ನ ನೀವೇ ಹೇಳ್ಬೇಕು," ಎಂದು ಮೇಲಧಿಕಾರಿ ಪರದೆಯನ್ನು ಪೆನ್ನಿನಿಂದ ಕುಟ್ಟಿದರು.

ಅವನು ಕಣ್ಣು ಕಣ್ಣು ಬಿಟ್ಟ. ಹನ್ನೊಂದು ವರ್ಷಗಳಿಂದ ಅವನ ಕೆಲಸ ಇಷ್ಟೇ: ಉಪಗ್ರಹ ಕಳಿಸಿದ ಚಿತ್ರದ ಒಂದೊಂದು ಚುಕ್ಕಿಯನ್ನೂ ನೋಡಿ ಮೋಡವೋ, ಧೂಳೋ, ಹೊಗೆಯೋ ಎಂದು ಗುರುತು ಒತ್ತುವುದು. ಆ ಗುರುತುಗಳನ್ನು ನಂಬಿ ಕೆಳಮಹಡಿಯ ಯಂತ್ರಗಳು ಮುಂದಿನ ಐವತ್ತು ವರ್ಷಗಳ ಹವಾಮಾನ ಹೇಳುತ್ತಿದ್ದವು. ಸಾಮಾನ್ಯ ಜವಾಬ್ದಾರಿಯೇ! ಒಂದು ಚುಕ್ಕಿ ಮಾತ್ರ ನಲವತ್ತೊಂದು ದಿನಗಳಿಂದ ಬೆಳ್ಳಗೆ ನಿಂತಲ್ಲೇ ನಿಂತಿತ್ತು. ದಿನವೂ ಅವನೇ 'ಮೋಡ' ಎಂದು ಒತ್ತಿದ್ದ. ಚುಕ್ಕಿಗೆ ಸಂಖ್ಯೆಯಿತ್ತು, ವಿಳಾಸವಿರಲಿಲ್ಲ. ಮೇಲಿನಿಂದ ಎಲ್ಲ ಮನೆಗಳೂ ಒಂದೇ. ಅದು ತನ್ನದೇ ಮನೆ ಎಂದು ಇವತ್ತು ಮೇಲಧಿಕಾರಿ ವಿಳಾಸ ಹುಡುಕಿಸಿದಾಗಲೇ ಅವನಿಗೆ ಗೊತ್ತಾದದ್ದು.

"ಗಾಳಿ ಬೀಸಿದ್ರೂ ಅಲ್ಲಾಡಲ್ಲ. ಥೇಟ್ ನಿನ್ನ ಹಾಗೇ ಮಹರಾಯ," ಎಂದು ಪಕ್ಕದ ಮೇಜಿನ ಧೂಳಪ್ಪ ನಕ್ಕ. ಧೂಳಿನ ಚುಕ್ಕಿಗಳೆಲ್ಲ ಅವನ ಪಾಲಿಗೆ ಬಂದದ್ದರಿಂದ ಆ ಹೆಸರು.

ನಲವತ್ತು ದಿನ ಕದಲದ ಮೋಡಕ್ಕೆ ನೆಲದ ಸಾಕ್ಷಿ ಬೇಕೆಂಬ ನಿಯಮವಿತ್ತು. ಉಪಗ್ರಹ ಹಾಯುವ ಒಂದೂವರೆಗೆ ಯಾರಾದರೂ ಆ ಚುಕ್ಕಿಯೊಳಗೆ ನಿಂತು, ಕತ್ತೆತ್ತಿ ನೋಡಿ, ಫಾರಂಗೆ ಸಹಿ ಹಾಕಬೇಕು. ಫಾರಂನಲ್ಲಿ ಎರಡೇ ಚೌಕ: ಮೋಡ ಇದೆ, ಮೋಡ ಇಲ್ಲ.

"ಇಲ್ಲ ಅಂತ ಬರೆದ್ರೆ?" ಎಂದು ಅವನು ಮೇಲಧಿಕಾರಿಯನ್ನು ಕೇಳಿದ.

"ಆ ಚುಕ್ಕಿ ಮುಚ್ಚಿಬಿಡ್ತೀವಿ. ಆಮೇಲೆ ಅದನ್ನ ಯಾರೂ ನೋಡೋ ಗೋಜೇ ಇಲ್ಲ."

ಮಧ್ಯಾಹ್ನದ ಹೊತ್ತು ಅವನು ಮನೆಗೆ ಹೋಗಿ ವರ್ಷಗಳಾಗಿದ್ದವು. ಬಸ್ಸಿಳಿದು ಕತ್ತೆತ್ತಿದ. ಆಕಾಶ ತೊಳೆದಿಟ್ಟ ಹಾಗಿತ್ತು. ಗಂಟೆ ಒತ್ತಿದರೆ ಯಾರೂ ಬಾಗಿಲು ತೆಗೆಯಲಿಲ್ಲ. ಪಕ್ಕದ ಮೆಟ್ಟಿಲು ಹತ್ತಿ ತಾರಸಿಗೆ ಹೋದ.

ತಾರಸಿಯ ತುಂಬ ಬಿಳಿ ಬಟ್ಟೆ. ಹಾಸಿಗೆಯ ಹೊದಿಕೆಗಳು, ಕಿಟಕಿಯ ಪರದೆಗಳು, ಅವನ ನಾಲ್ಕು ಹಳೆಯ ಅಂಗಿಗಳು. ಮೂಲೆ ಮೂಲೆಗೆ ಇಟ್ಟಿಗೆ. ನಡುವೆ ಸ್ಟೂಲಿನ ಮೇಲೆ ಹೆಂಡತಿ ಮುಖ ಮೇಲೆತ್ತಿ, ಒಂದು ಕೈ ಎತ್ತಿಕೊಂಡು ನಿಂತಿದ್ದಳು.

"ಅಯ್ಯೋ! ನೀವ್ಯಾಕೆ ಇಲ್ಲಿ? ನೀವು ಅಲ್ಲಿರ್ಬೇಕಲ್ವಾ?"

"ಕೆಲಸದ ಮೇಲೆ ಬಂದೆ. ಮೋಡ ನೋಡೋಕೆ."

"ಎಲ್ಲಿದೆ ಮೋಡ?"

ಅವನು ಕಾಲ ಕೆಳಗೆ ನೋಡಿದ. "ಏನಿದೆಲ್ಲ?"

"ನೀವೇ ಹೇಳಿದ್ರಲ್ಲ, ಒಂದೂವರೆಗೆ ಹಾದುಹೋಗುತ್ತೆ, ಬೆಳ್ಳಗಿರೋದು ಮೊದಲು ಕಣ್ಣಿಗೆ ಬೀಳುತ್ತೆ ಅಂತ. ಮನೇಲಂತೂ ನೀವು ತಲೆ ಎತ್ತಲ್ಲ. ಗೋಡೆ ಜೊತೆ ಮಾತಾಡಿದ ಹಾಗೆ. ಅಲ್ಲಾದ್ರೂ ನೋಡ್ತೀರೇನೋ ಅಂತ." ಸ್ಟೂಲಿನಿಂದ ಇಳಿಯಲಿಲ್ಲ. "ನೋಡಿದ್ರಾ?"

ಅವನು ನೋಡಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ.

"ನೋಡಿದೆ."

"ಏನು ಅಂದ್ಕೊಂಡ್ರಿ?"

"ಗಂಟೆ ಎಷ್ಟಾಯ್ತು?"

"ಹೇಳಿ. ಅಕ್ಕನ ಮನೆಗೆ ಹೋಗೋಕೆ ಬ್ಯಾಗ್ ತುಂಬಿಟ್ಟಿದೀನಿ. ನೀವು ಹೇಳೋ ಮಾತಿನ ಮೇಲೆ ಹೋಗೋದೋ ಬಿಡೋದೋ ನೋಡ್ತೀನಿ."

ಒಂದೂವರೆ. ಅವಳು ಅಭ್ಯಾಸಬಲದಿಂದ ಕೈ ಎತ್ತಿದಳು. ಅವನು ಅಭ್ಯಾಸಬಲದಿಂದ ಪೆನ್ನು ತೆಗೆದ. ಇಲ್ಲ ಎಂದು ಬರೆದರೆ ಈ ಮನೆಯನ್ನು ಇನ್ನೆಂದೂ ಯಾರೂ ನೋಡುವುದಿಲ್ಲ. ಜೀವನದಲ್ಲಿ ಮೊದಲ ಸಲ ಅವಳಿಗಾಗಿ ಒಂದು ಸುಳ್ಳು ಬರೆಯುತ್ತಿದ್ದೇನೆ ಎನಿಸಿ ಅವನಿಗೆ ಸಂತೋಷವಾಯಿತು. ಒಂದು ಚೌಕಕ್ಕೆ ಗುರುತು ಹಾಕಿ, ಫಾರಂ ಅವಳ ಮುಂದೆ ಹಿಡಿದ.

ಅವಳು ಓದಿದಳು. "ಮೋಡ ಇದೆ."

ಮೊದಲು ನಗು ಬಂತು ಅವಳಿಗೆ. ಆಮೇಲೆ ನಿಂತಿತು.

"ಅಷ್ಟೂ ದಿನ ಅಂದ್ಕೊಂಡಿದ್ದು ಇದೇನಾ?"

"ಹಾಗಲ್ಲ ಕಣೇ, ಇದು ಬೇರೆ ಮೋಡ..." ಎಂದು ಶುರುಮಾಡಿದ.

ಅವಳು ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದಾಯಿತು. ಅವನ ಮೊಬೈಲೂ ಬಡಿದುಕೊಂಡಿತು.

"ಚಿತ್ರ ಬಂತಪ್ಪ," ಎಂದ ಧೂಳಪ್ಪ. "ಇವತ್ತು ನಿನ್ನ ಮೋಡ ಸ್ವಲ್ಪ ಮಸುಕು. ಏನೋ ನೆರಳು ಸೇರ್ಕೊಂಡಿದೆ. ಧೂಳು ಅಂತ ಹಾಕ್ಲಾ?"

ಅವನು ತಾರಸಿಯ ಅಂಚಿಗೆ ಓಡಿದ. ಬೀದಿಯ ತಿರುವಿನಲ್ಲಿ ಅವಳು ಬ್ಯಾಗ್ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು.

"ಹಾಕ್ಲೇನೋ?"

"ಹೂಂ," ಎಂದು ಅವನು ಕೈ ಎತ್ತಿ ಜೋರಾಗಿ ಬೀಸಿದ. ಆ ಕೈಯಲ್ಲಿ ಫಾರಂ ಇತ್ತು, ಬೆಳ್ಳಗೆ.